ವಸ್ತಾದನ ವಿದ್ಯೆ

ತೇರದಾಳ, ಜಮಖಂಡಿ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದಕ್ಕೆ, ಕುಸ್ತಿಗೆ ಜನ ಮುಗಿಬೀಳುತ್ತಾರೆ. ಗೆದ್ದ ಪೈಲವಾನನನ್ನು ಹೆಗಲ ಮೇಲೆ ಹೊತ್ತು ಹಲಗಿ ಬಾರಿಸುತ್ತಾರೆ. ನನ್ನ ಕಣ್ಣು ಮಾತ್ರ ಅವನ ಹಿಂದೆ ನಿಂತ ವಸ್ತಾದನನ್ನು, ಅವನಿಗೆ ಕುಸ್ತಿ ಕಲಿಸಿದ ಗುರುವನ್ನು, ಹುಡುಕುತ್ತದೆ.

ಗರಡಿಮನೆಯ ಕೆಮ್ಮಣ್ಣನ್ನು ಸೋಸಿ, ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಬೆರೆಸಿ ಹದ ಮಾಡುವುದೇ ಅಲ್ಲಿಯ ಮೊದಲ ಪಾಠ. ಆಮೇಲೆ ದಂಡ, ಬೈಠಕ್, ಗದೆ ತಿರುಗಿಸುವುದು. ಪಟ್ಟಿನ ಮಾತು ಬರುವುದು ಮೈ ಪಳಗಿದ ಮೇಲೆಯೇ. ಆತುರದ ಹುಡುಗನನ್ನು ಕಾಯಿಸುವುದೇ ವಸ್ತಾದನ ದೊಡ್ಡ ಕಸುಬುಗಾರಿಕೆ ಎಂದು ನಾನು ನಂಬಿದ್ದೇನೆ.

ಜಪಾನಿನ ಒಕಿನಾವಾದಲ್ಲೂ ಇಂಥ ಹಿರಿಯರೊಬ್ಬರಿದ್ದರು, ತೈರಾ ಶಿಂಕೆನ್. 1897ರಲ್ಲಿ ಕುಮೆಜಿಮಾ ದ್ವೀಪದಲ್ಲಿ ಹುಟ್ಟಿದ ಅವರು ಫುನಾಕೋಶಿ ಗಿಚಿನ್ ಅವರಲ್ಲಿ ಕರಾಟೆಯನ್ನೂ, ಯಾಬಿಕು ಮೋಡೆನ್ ಅವರಲ್ಲಿ ಆಯುಧವಿದ್ಯೆಯನ್ನೂ ಕಲಿತರು. ಕೋಲು, ಸಾಯ್, ತೋನ್‌ಫಾ, ನುಂಚಾಕು, ಕುಡುಗೋಲುಗಳ ವರಸೆ ಮರೆಯಾಗತೊಡಗಿದಾಗ ಅವನ್ನು ಹುಡುಕಿ ಒಟ್ಟುಮಾಡಿದರು. 1955ರಲ್ಲಿ ಅದಕ್ಕೆಂದೇ ಸಂಘ ಕಟ್ಟಿದರು. 1970ರಲ್ಲಿ ತೀರಿಕೊಂಡರು. ಅವರು ಕೂಡಿಟ್ಟದ್ದು ಇಂದಿಗೂ ಕಲಿಸಲ್ಪಡುತ್ತಿದೆ.

ಹೀಗೆ ವಿದ್ಯೆಯನ್ನು ಕೂಡಿಡುವುದು, ಬರೆದಿಡುವುದು ನಮಗೇನೂ ಹೊಸದಲ್ಲ. ತೇರದಾಳದಲ್ಲಿ ಮಾಂಡಲಿಕ ಗೊಂಕ 1123ರಲ್ಲಿ ಬಸದಿ ಕಟ್ಟಿಸಿದಾಗ ಆಳುತ್ತಿದ್ದವನು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ. ಅವನ ಮಗ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ದರ್ಜೆ, ಊಟ, ಸಾಧನೆ ಎಲ್ಲವನ್ನೂ ವಿವರಿಸಿದ್ದಾನೆ. ಇಂದಿನ ವಸ್ತಾದರ ವಿದ್ಯೆ ಮಾತ್ರ ಹೆಚ್ಚಾಗಿ ಬಾಯಿಮಾತಿನಲ್ಲೇ ಇದೆ. ಊರಿನ ಹುಡುಗರೇ, ಒಂದು ಮುಂಜಾನೆ ಫೋನ್ ಹಿಡಿದು ಗರಡಿಗೆ ಹೋಗಿ, ಅವರ ಪಟ್ಟುಗಳನ್ನು ದಾಖಲಿಸಿಕೊಳ್ಳಿ.