ಮೂಳೆ ಹೇಳಿದ್ದು, ಮೂಳೆ ಹೇಳದೆ ಉಳಿದದ್ದು

ಇಂಗ್ಲೆಂಡಿನ ಲೆಸ್ಟರ್ ನಗರದ ಕೆಥೆಡ್ರಲ್ ಎದುರಿಗೆ ವಿಕ್ಟೋರಿಯಾ ರಾಣಿಯ ಕಾಲದ ಶಾಲಾ ಕಟ್ಟಡವೊಂದಿದೆ. ಆ ಊರಿನಲ್ಲಿ ನೌಕರಿಯಲ್ಲಿರುವ ನಮ್ಮ ಸೋದರಳಿಯ ನಮ್ಮನ್ನು ಅಲ್ಲಿಗೆ ಕರೆದೊಯ್ದಿದ್ದ. ಬಾಗಿಲಲ್ಲೇ ಅವನೆಂದ: "ಮಾಮು, ಇದು ಮೊದಲು ಮಕ್ಕಳ ಮನೆ, ಈಗ ರಾಜನ ಮನೆ."

ಮಾತು ನಿಜ. 18ನೇ ಶತಮಾನದಲ್ಲಿ ಈ ಊರಿನ ಮೇಯರ್ ಆಗಿದ್ದ ಗೇಬ್ರಿಯಲ್ ನ್ಯೂಟನ್, ಬಡ ಹುಡುಗರಿಗೆ ಬಟ್ಟೆ ಕೊಟ್ಟು ಓದಿಸಲು ದತ್ತಿ ಇಟ್ಟ. 1784ರಲ್ಲಿ ಶಾಲೆ ಆರಂಭವಾಯಿತು. ಹುಡುಗರು ತೊಡುತ್ತಿದ್ದುದು ಹಸಿರು ಕೋಟು. ಆದರೆ ಆ ದಾನಕ್ಕೊಂದು ಬೇಲಿಯಿತ್ತು: ಅದು ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದವರ ಮಕ್ಕಳಿಗೆ ಮಾತ್ರ. ಕಾಲ ಕಳೆದಂತೆ ಬೇಲಿ ಸಡಿಲವಾಯಿತು, ಶಾಲೆ ಬೆಳೆಯಿತು. ಕಾದಂಬರಿಕಾರನೂ ವಿಜ್ಞಾನಿಯೂ ಆಗಿದ್ದ ಸಿ.ಪಿ. ಸ್ನೋ, ಇತಿಹಾಸಕಾರ ಜೆ.ಎಚ್. ಪ್ಲಮ್ ಇಬ್ಬರೂ ಇಲ್ಲಿಯ ವಿದ್ಯಾರ್ಥಿಗಳು. ಇಬ್ಬರ ತಂದೆಯರೂ ಬೂಟು ಕಾರ್ಖಾನೆಯಲ್ಲಿ ದುಡಿದವರು.

2012ರ ಆಗಸ್ಟ್‌ನಲ್ಲಿ ಶಾಲೆಯ ಪಕ್ಕದ ಕಾರ್ ಪಾರ್ಕಿಂಗ್ ಜಾಗವನ್ನು ಲೆಸ್ಟರ್ ವಿಶ್ವವಿದ್ಯಾಲಯದವರು ಅಗೆದರು. ಅಲ್ಲಿ ಸಿಕ್ಕ ಅಸ್ಥಿಪಂಜರ 1485ರಲ್ಲಿ ಬಾಸ್ವರ್ತ್ ಯುದ್ಧದಲ್ಲಿ ಸತ್ತ ಮೂರನೇ ರಿಚರ್ಡ್‌ನದು ಎಂದು ಮರುವರ್ಷ ಪ್ರಕಟಿಸಿದರು. 2014ರಲ್ಲಿ ಹಳೆಯ ಶಾಲೆ ರಿಚರ್ಡ್ ಸಂದರ್ಶನ ಕೇಂದ್ರವಾಯಿತು. 2015ರಲ್ಲಿ ರಾಜನನ್ನು ಎದುರಿನ ಕೆಥೆಡ್ರಲ್‌ನಲ್ಲಿ ಮತ್ತೆ ಮಣ್ಣು ಮಾಡಿದರು.

ಕೇಂದ್ರವು ಕಥೆಯನ್ನು ಮೂರು ಭಾಗ ಮಾಡಿದೆ: ವಂಶ, ಸಾವು, ಶೋಧ. ಮೂರನೆಯ ಭಾಗವೇ ಅದರ ಜೀವ. ಮೂಳೆ ಮಾತನಾಡುವುದನ್ನು ಇಷ್ಟು ಸರಳವಾಗಿ ತಿಳಿಸಿದ ಪ್ರದರ್ಶನವನ್ನು ನಾವು ಹೆಚ್ಚು ಕಂಡಿಲ್ಲ. ಅಸ್ಥಿಪಂಜರದ ಮೇಲೆ ಸಾವಿನ ಹೊತ್ತಿನ 11 ಗಾಯಗಳು, ಅವುಗಳಲ್ಲಿ 9 ತಲೆಬುರುಡೆಗೇ ಬಿದ್ದವು. ತಾಯಿಯ ಕಡೆಯ ವಂಶವಾಹಿ ರಾಜನ ಅಕ್ಕನ ಸಂತತಿಯೊಂದಿಗೆ ಹೊಂದಿತು. ತಂದೆಯ ಕಡೆಯದು ಹೊಂದಲಿಲ್ಲ. ರಕ್ತದ ಹೆಸರಿನಲ್ಲಿ ಸಿಂಹಾಸನಕ್ಕಾಗಿ ಕೊಂದವರೂ ಸತ್ತವರೂ ಇದನ್ನು ಕೇಳಬೇಕಿತ್ತು!

ಇನ್ನು ನಮ್ಮ ಕಸುಬಿಗೆ ಸಂಬಂಧಿಸಿದ ವಿಷಯ. ಷೇಕ್ಸ್‌ಪಿಯರ್ ತನ್ನ ನಾಟಕದಲ್ಲಿ ರಿಚರ್ಡ್‌ನಿಗೆ ಗೂನು ಕೊಟ್ಟ, ಒಣಗಿದ ತೋಳು ಕೊಟ್ಟ, ಜೊತೆಗೆ ಕಪ್ಪು ಮನಸ್ಸನ್ನೂ ಕೊಟ್ಟ. ಆಗ ಪಟ್ಟದಲ್ಲಿದ್ದವಳು ರಿಚರ್ಡ್‌ನನ್ನು ಸೋಲಿಸಿದವನ ಮೊಮ್ಮಗಳು ಎಂಬುದನ್ನು ಮರೆಯಬಾರದು. ಮೂಳೆಗಳು ಹೇಳುವುದೇ ಬೇರೆ. ಬೆನ್ನುಮೂಳೆ ಪಕ್ಕಕ್ಕೆ ಬಾಗಿದ್ದು ನಿಜ. ಗೂನು ಇರಲಿಲ್ಲ, ತೋಳುಗಳೆರಡೂ ಸರಿಯಾಗಿದ್ದವು. ಇದನ್ನು ನೋಡುವಾಗ ನಮಗೆ ನಾಚಿಕೆಯಾಯಿತು. ನಮ್ಮ ಆರಂಭದ ಕಥೆಯೊಂದರಲ್ಲಿ ಬಡ್ಡಿಗೆ ಹಣ ಕೊಡುವವನನ್ನು ನಾವೇ ಕುಂಟನನ್ನಾಗಿ ಮಾಡಿದ್ದೆವು. ಕುಂಟುವುದಕ್ಕೂ ಬಡ್ಡಿಗೂ ಏನು ಸಂಬಂಧ? ಓದುಗರು ಅವನನ್ನು ಬೇಗ ದ್ವೇಷಿಸಲಿ ಎಂಬ ಸೋಮಾರಿತನವಷ್ಟೇ. ಊರಿನಲ್ಲಿ ನಿಜವಾಗಿ ಕುಂಟುವವನೊಬ್ಬ ಆ ಕಥೆಯನ್ನು ಓದಿದ್ದರೆ ಏನೆಂದುಕೊಳ್ಳುತ್ತಿದ್ದ ಎಂದು ನಾವು ಯೋಚಿಸಿರಲೇ ಇಲ್ಲ.

ಹಾಗೆಂದು ಮೂಳೆ ರಿಚರ್ಡ್‌ನನ್ನು ನಿರಪರಾಧಿ ಮಾಡಿತೆ? ಇಲ್ಲ. 1483ರಲ್ಲಿ ಲಂಡನ್ ಟವರ್‌ನಲ್ಲಿದ್ದ ಅವನ ಅಣ್ಣನ ಇಬ್ಬರು ಮಕ್ಕಳು ಕಾಣೆಯಾದರು. ಅದಕ್ಕೆ ಹೊಣೆ ಯಾರೆಂದು ಯಾವ ವಂಶವಾಹಿಯೂ ಹೇಳಲಾರದು. ದೇಹ ಹೇಗಿತ್ತೆಂದು ವಿಜ್ಞಾನ ಹೇಳಬಲ್ಲದು, ಮನುಷ್ಯ ಹೇಗಿದ್ದನೆಂದು ಅಲ್ಲ. ಪ್ರದರ್ಶನವು ಶೋಧದ ಸಡಗರದಲ್ಲಿ ಈ ಗೆರೆಯನ್ನು ಇನ್ನಷ್ಟು ದಪ್ಪಗೆ ಎಳೆಯಬೇಕಿತ್ತು.

ಅದಕ್ಕೆ ಬೇಕಾದ ಗುರುಗಳು ಆ ಕಟ್ಟಡದೊಳಗೇ ಇದ್ದರು. ವಿಜ್ಞಾನದವರೂ ಸಾಹಿತ್ಯದವರೂ ಪರಸ್ಪರ ಮಾತನಾಡದ ಎರಡು ಲೋಕಗಳಾಗಿದ್ದಾರೆಂದು 1959ರಲ್ಲಿ ಮರುಗಿದವನು ಸ್ನೋ. ಆಳುವವರು ತಮಗೆ ಬೇಕಾದಂತೆ ಹೊಲಿದುಕೊಳ್ಳುವ 'ಗತಕಾಲ'ವೇ ಬೇರೆ, ಪ್ರಶ್ನಿಸುವ ಇತಿಹಾಸವೇ ಬೇರೆ ಎಂದು 1969ರಲ್ಲಿ ಬರೆದವನು ಪ್ಲಮ್. ಷೇಕ್ಸ್‌ಪಿಯರ್‌ನ ನಾಟಕವನ್ನೂ ಪ್ರಯೋಗಾಲಯದ ವರದಿಯನ್ನೂ ಎದುರುಬದುರು ಕೂರಿಸಲು ಇದಕ್ಕಿಂತ ತಕ್ಕ ತರಗತಿ ಎಲ್ಲಿದೆ? ಆದರೆ ವಂಶ, ಸಾವು, ಶೋಧ ಎಂಬ ಪಟ್ಟಿಯಲ್ಲಿ ಶಾಲೆಗೆ ಒಂದು ಅಧ್ಯಾಯವಿಲ್ಲ. ರಾಜ ಆಳಿದ್ದು ಎರಡೇ ವರ್ಷ. ಮಕ್ಕಳು ಇಲ್ಲಿ ತಲೆಮಾರುಗಳ ಕಾಲ ಓದಿದರು.

ಕೊನೆಗೆ ಸಿಗುವುದು ಸಮಾಧಿಯ ಗುಂಡಿ. ಮೇಲೆ ಗಾಜು ಹಾಸಿದ್ದಾರೆ. ಅವಸರದಲ್ಲಿ ತೋಡಿದ ಗುಂಡಿ, ರಾಜನ ಉದ್ದಕ್ಕೂ ಸಾಲಲಿಲ್ಲ. ತಲೆ ಅಂಚಿಗೆ ಒರಗಿತ್ತು. ಅಲ್ಲಿ ಎಲ್ಲರೂ ಮಾತು ನಿಲ್ಲಿಸುತ್ತಾರೆ, ನಾವೂ ನಿಲ್ಲಿಸಿದೆವು. ಹೊರಗೆ ಬಂದ ಮೇಲೆ ಸೋದರಳಿಯ ಕೇಳಿದ, "ಹಾಗಾದರೆ ಅವನು ಒಳ್ಳೆಯವನೋ ಕೆಟ್ಟವನೋ, ಮಾಮು?" ಗೊತ್ತಿಲ್ಲ ಎಂದೆವು. ಊರಿಗೆ ಮರಳಿದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಆ ಹಳೆಯ ಕಥೆಯನ್ನು ಹುಡುಕಿ, ಬಡ್ಡಿಯವನ ಕಾಲನ್ನು ನೆಟ್ಟಗೆ ಮಾಡಿದ್ದು. ಅವನ ಬಡ್ಡಿಯನ್ನು ಮಾತ್ರ ಹಾಗೆಯೇ ಬಿಟ್ಟೆವು.