ಕಂಟ್ರಾಕ್ಟರನ ಹೆಸರು, ಕೇರಿಯ ಚರಿತ್ರೆ

ಊರಿನ ಚರಿತ್ರೆ ಬರೆಯೋರು ಮೊದಲು ಹುಡುಕೋದು ಶಾಸನ. ಅಮೆರಿಕದ ಹಲವು ನಗರಗಳಲ್ಲಿ ಆ ಶಾಸನ ಕಾಲಡಿಯಲ್ಲೇ ಇದೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಫುಟ್‌ಪಾತ್ ಹಾಕಿದ ಕಂಟ್ರಾಕ್ಟರುಗಳು ಕಾಂಕ್ರೀಟು ಹಸಿಯಾಗಿರುವಾಗಲೇ ತಮ್ಮ ಹೆಸರಿನ ಅಚ್ಚು ಒತ್ತುತ್ತಿದ್ದರು. ಎಷ್ಟೋ ಕಡೆ ಇಸವಿಯೂ ಇರುತ್ತದೆ. ಜಾಹೀರಾತೂ ಆಯ್ತು, ಕೆಲಸ ಕೆಟ್ಟರೆ ಯಾರನ್ನು ಕೇಳಬೇಕು ಅನ್ನೋದಕ್ಕೆ ಗುರುತೂ ಆಯ್ತು. ಕ್ಯಾಲಿಫೋರ್ನಿಯಾದ ಓಕ್ಲೆಂಡ್, ಬರ್ಕ್ಲಿಗಳಲ್ಲಿ ಬೀದಿ ಬೀದಿ ಅಲೆದು ಈ ಅಚ್ಚುಗಳ ಫೋಟೋ ತೆಗೆದು ಪಟ್ಟಿ ಮಾಡಿದ ಹವ್ಯಾಸಿಗಳಿದ್ದಾರೆ. ಆ ಫೋಟೋಗಳನ್ನು ನಾನು ಬಹಳ ದಿನದಿಂದ ನೋಡುತ್ತಿದ್ದೇನೆ. ಕೇರಿಯಿಂದ ಬಂದ ಓದುಗ ಇದನ್ನು ಹೇಗೆ ಓದಬೇಕು ಅನ್ನೋದು ನನ್ನ ಪ್ರಶ್ನೆ.

ಹವ್ಯಾಸಿಗಳ ಓದು ಸರಳ. ಇಸವಿ ಹಿಡಿದು ನಡೆದರೆ ಊರು ಬೆಳೆದ ದಾರಿ ಕಾಣುತ್ತದೆ. 1906ರ ಭೂಕಂಪದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಹಾಳಾದ ಮೇಲೆ ಜನ ಕೊಲ್ಲಿ ದಾಟಿ ಈಚೆ ದಡಕ್ಕೆ ಬಂದರು, ಬಡಾವಣೆಗಳು ಎದ್ದವು. ‘ಡಬ್ಲ್ಯು.ಪಿ.ಎ.’ ಎಂಬ ಅಚ್ಚು ಕಂಡರೆ ಅದು 1935ರಿಂದ 1943ರವರೆಗೆ ನಿರುದ್ಯೋಗಿಗಳಿಗೆ ಕೆಲಸ ಕೊಟ್ಟ ಸರ್ಕಾರಿ ಯೋಜನೆಯದು. ಇದು ನಿಷ್ಠೆಯ ದುಡಿಮೆ, ಹಗುರವಾಗಿ ಕಾಣಬಾರದು. ಆದರೆ ದಲಿತ ವಿಮರ್ಶೆ ಇಷ್ಟಕ್ಕೇ ನಿಲ್ಲೋಕಾಗಲ್ಲ.

ಮೊದಲನೆಯದಾಗಿ, ಅಚ್ಚಿನಲ್ಲಿರೋದು ಕಂಟ್ರಾಕ್ಟರನ ಹೆಸರು. ಮರಳು ಹೊತ್ತವನು, ಮಂಡಿಯೂರಿ ಕಾಂಕ್ರೀಟು ಸಮ ಮಾಡಿದವನು ಎಲ್ಲಿ? ಕೆಲವು ಕಡೆ ಪಕ್ಕದಲ್ಲೇ ಸಿಮೆಂಟ್ ಕೆಲಸಗಾರರ ಯೂನಿಯನ್ನಿನ ಪುಟ್ಟ ಗುರುತಿದೆ. ಸಂತೋಷ. ಆದರೆ ಆ ದೇಶದ ಕಟ್ಟಡ ಕೆಲಸದ ಎಷ್ಟೋ ಯೂನಿಯನ್ನುಗಳು ದಶಕಗಳ ಕಾಲ ಕಪ್ಪು ಜನರನ್ನು ಒಳಗೇ ಬಿಟ್ಟುಕೊಂಡಿರಲಿಲ್ಲ. ಅಂದರೆ ಶ್ರಮದ ಗುರುತೂ ಎಲ್ಲರ ಶ್ರಮದ ಗುರುತಲ್ಲ. ಹೊಯ್ಸಳರ ಗುಡಿಗಳಲ್ಲಿ ದಾಸೋಜ, ಮಲ್ಲಿತಮ್ಮರ ಹೆಸರು ಕೆತ್ತಿದೆ ಅಂತ ನಾವೂ ಹೆಮ್ಮೆಪಡ್ತೀವಿ. ಆ ಗುಡಿಗಳ ಪಾಯಕ್ಕೆ ಮಣ್ಣು ಹೊತ್ತವರ ಹೆಸರು ಯಾರು ಕೇಳಿದ್ದಾರೆ?

ಎರಡನೆಯದಾಗಿ, ಅಚ್ಚು ಬೀದಿ ಆದದ್ದು ಯಾವಾಗ ಅಂತ ಹೇಳುತ್ತೆ, ಯಾರಿಗಾಗಿ ಅಂತ ಹೇಳಲ್ಲ. ಅದನ್ನು ಹೇಳೋದು ಮನೆಯ ಕ್ರಯಪತ್ರ. ಬಿಳಿಯರಲ್ಲದವರು ಇಲ್ಲಿ ವಾಸ ಮಾಡಕೂಡದು ಎಂಬ ಷರತ್ತು ಎಷ್ಟೋ ಬಡಾವಣೆಗಳ ಪತ್ರಗಳಲ್ಲಿತ್ತು. ಇಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. 1937ರಲ್ಲಿ ಮನೆಸಾಲದ ಕೇಂದ್ರ ಸಂಸ್ಥೆಯೊಂದು ತಯಾರಿಸಿದ ಓಕ್ಲೆಂಡಿನ ನಕ್ಷೆಯಲ್ಲಿ ಕಪ್ಪು ಜನರಿದ್ದ ಪಶ್ಚಿಮ ಓಕ್ಲೆಂಡಿಗೆ ಕೆಂಪು ಬಣ್ಣ ಬಳಿದಿದ್ದರು. ಕೆಂಪು ಅಂದರೆ ಸಾಲಕ್ಕೆ ಅಪಾಯದ ಜಾಗ. ಜಾತಿ, ವರ್ಣಭೇದ ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಊರು–ಕೇರಿಯ ಗೆರೆ ಗೊತ್ತಿರೋರಿಗೆ ಆ ನಕ್ಷೆ ಓದೋದಕ್ಕೆ ಪಂಡಿತರು ಬೇಡ, ಅಷ್ಟೆ.

ಮೂರನೆಯದು ಅಳಿಸಿಹೋದದ್ದು. ಇದೇ ಪಶ್ಚಿಮ ಓಕ್ಲೆಂಡನ್ನು ಸೀಳಿಕೊಂಡು ಸೈಪ್ರೆಸ್ ಎಂಬ ಎರಡಂತಸ್ತಿನ ಹೆದ್ದಾರಿ ಬಂತು, 1957ರಲ್ಲಿ ತೆರೆಯಿತು. ಮನೆಗಳು ಹೋದವು, ಅವುಗಳ ಮುಂದಿನ ಫುಟ್‌ಪಾತೂ ಹೋಯಿತು. 1989ರ ಅಕ್ಟೋಬರ್ 17ರ ಭೂಕಂಪಕ್ಕೆ ಆ ಹೆದ್ದಾರಿ ಕುಸಿದು 42 ಜನ ಸತ್ತರು. ಮತ್ತೆ ಅಲ್ಲೇ ಕಟ್ಟಕೂಡದು ಅಂತ ನಿವಾಸಿಗಳು ಹಟ ಹಿಡಿದರು. ಇವತ್ತು ಆ ಜಾಗದ ರಸ್ತೆಗೆ ಮಂಡೇಲಾ ಹೆಸರಿದೆ. ಹಳೇ ಅಚ್ಚುಗಳನ್ನು ಮಾತ್ರ ಪಟ್ಟಿ ಮಾಡಿದರೆ ಉಳಿದುಕೊಂಡ ಬೀದಿಗಳ ಚರಿತ್ರೆ ಸಿಗುತ್ತದೆ. ಕೆಡವಿಸಿಕೊಂಡವರ ಚರಿತ್ರೆ ಸಿಗಲ್ಲ.

ಓಕ್ಲೆಂಡ್ ನಮಗೆ ಯಾಕೆ ಬೇಕು? 1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿದ ಊರು ಅದು. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಹೆಸರು ಪಡೆದದ್ದು ಅಲ್ಲಿಂದ. ಓಕ್ಲೆಂಡಿನ 55ನೇ ಬೀದಿ ಮತ್ತು ಮಾರ್ಕೆಟ್ ಬೀದಿ ಕೂಡುವ ಕಡೆ ರಸ್ತೆ ದಾಟುವ ಶಾಲಾ ಮಕ್ಕಳಿಗೆ ವಾಹನಗಳಿಂದ ಅಪಾಯವಿತ್ತು. 1967ರಲ್ಲಿ ಪ್ಯಾಂಥರುಗಳು ತಾವೇ ರಸ್ತೆಗಿಳಿದು ವಾಹನ ತಡೆದು ಮಕ್ಕಳನ್ನು ದಾಟಿಸಿದರು. ಆಮೇಲೆ ನಗರಸಭೆಯ ಸಿಗ್ನಲ್ ದೀಪ ಬಂತು. ನಮ್ಮಲ್ಲಿ 1924ರ ವೈಕಂ ಸತ್ಯಾಗ್ರಹ ನಡೆದದ್ದೂ ದೇವಸ್ಥಾನದ ಸುತ್ತಲಿನ ಬೀದಿಯಲ್ಲಿ ನಡೆಯೋ ಹಕ್ಕಿಗೆ. ಬೀದಿ ಹಾಕಿದವರು ಯಾರು ಅನ್ನೋದಕ್ಕೆ ಅಚ್ಚು ಸಾಕ್ಷಿ ಹೇಳುತ್ತೆ. ಅಲ್ಲಿ ನಡೆಯೋ ಹಕ್ಕು ಗಿಟ್ಟಿಸಿದವರು ಯಾರು ಅನ್ನೋದಕ್ಕೆ ಸಾಕ್ಷಿಯನ್ನು ನಾವೇ ಹುಡುಕಬೇಕು.

ನನ್ನ ತರಗತಿಯಲ್ಲಿ ನಿಮ್ಮೂರ ಚರಿತ್ರೆ ಬರೆದು ತನ್ನಿ ಅಂದಾಗ ಒಬ್ಬ ವಿದ್ಯಾರ್ಥಿನಿ ಎದ್ದು, “ನಮ್ ಕೇರೀಲಿ ಒಂದು ಶಾಸನದ ಕಲ್ಲೂ ಇಲ್ಲ ಸಾರ್, ಏನಂತ ಬರೀಲಿ?” ಅಂದಳು. ಕಲ್ಲಿಲ್ಲದ ಕಡೆ ಚರಿತ್ರೆಯೇ ಇಲ್ಲ ಅನ್ನೋ ಪಾಠ ಅವಳಿಗೆ ನಮ್ಮ ಪುಸ್ತಕಗಳೇ ಕಲಿಸಿವೆ. ವಿಮರ್ಶೆ ಬದಲಾಗಬೇಕಾದ್ದು ಇಲ್ಲಿ. ಊರಿಗೆ ರಸ್ತೆ ಬಂದ ಎಷ್ಟು ವರ್ಷಕ್ಕೆ ಕೇರಿಗೆ ಬಂತು? ಅರ್ಜಿ ಬರೆದವರು ಯಾರು, ಅದನ್ನು ಹಿಡಿದು ಕಚೇರಿಗೆ ಅಲೆದವರು ಯಾರು? ಬಾಂಡ್ಲಿ ಹೊತ್ತವರು ಯಾರು, ಕೂಲಿ ಎಷ್ಟು? ಉತ್ತರಗಳು ಕೇರಿಯ ಅಜ್ಜಿಯರ ಬಾಯಲ್ಲಿವೆ. ಅವರಿರುವಾಗಲೇ ಬರೆದುಕೊಳ್ಳಬೇಕು.