‘ಉಷ್ಣ ಆಗೈತೆ’ ಅಂದರೆ ಏನು ಬರೆದುಕೊಳ್ಳಬೇಕು?

ವೈದ್ಯಕೀಯ ಓದುತ್ತಿರುವ ನನ್ನ ಚಿಕ್ಕಪ್ಪನ ಮಗಳು ಕಳೆದ ವರ್ಷ ಒಂದು ಸಂಜೆ ಫೋನ್ ಮಾಡಿದಳು. ಬೆಂಗಳೂರಿನಲ್ಲಿ ಹುಟ್ಟಿ, ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಆಗ ಸಿರಾ ತಾಲ್ಲೂಕಿನ ನಮ್ಮ ಬುಕ್ಕಾಪಟ್ಟಣದ ಕಡೆ ಮನೆ ಭೇಟಿಗೆ ಬಂದಿದ್ದಳು. “ಅಕ್ಕ, ಒಬ್ಬರು ‘ಉಷ್ಣ ಆಗೈತೆ’ ಅಂತಾರೆ. ಜ್ವರ ನೋಡಿದೆ, ಇಲ್ಲ. ಏನಂತ ಬರ್ಕೊಳ್ಲಿ?”

ನನಗೂ ತಕ್ಷಣ ಹೇಳಲಾಗಲಿಲ್ಲ. ನಮ್ಮೂರಲ್ಲಿ ಉಷ್ಣ ಅಂದರೆ ಬಾಯಿಹುಣ್ಣು, ಉರಿಮೂತ್ರ, ಕಣ್ಣುರಿ, ಮೂಲವ್ಯಾಧಿ, ಏನು ಬೇಕಾದರೂ ಆಗಬಹುದು. ಮುಂದಿನ ವಾರ ಊರಿಗೆ ಹೋದಾಗ ಅವಳು ಓದುವ ಪುಸ್ತಕಗಳನ್ನು ಕೇಳಿ ತೆಗೆದುಕೊಂಡು, ಕನ್ನಡ ಸಾಹಿತ್ಯದ ವಿದ್ಯಾರ್ಥಿಯ ಕಣ್ಣಿನಿಂದ ಓದತೊಡಗಿದೆ.

ಅವಳ ಬ್ಯಾಗಿನಲ್ಲಿ ಎರಡು ಮುಖ್ಯ ಪುಸ್ತಕಗಳಿದ್ದವು. ಒಂದು, ಭಾರತದ ಎಲ್ಲ ವೈದ್ಯಕೀಯ ವಿದ್ಯಾರ್ಥಿಗಳೂ ‘ಪಾರ್ಕ್’ ಎಂದೇ ಕರೆಯುವ ಸಮುದಾಯ ವೈದ್ಯದ ದಪ್ಪ ಪುಸ್ತಕ. ಇದು ಊರನ್ನು ದೂರದಿಂದ ನೋಡುತ್ತದೆ: ನೀರು, ಲಸಿಕೆ, ನೈರ್ಮಲ್ಯ, ಅಂಕಿಅಂಶ. ಇನ್ನೊಂದು, ಆಸ್ಟ್ರೇಲಿಯಾದ ಜಾನ್ ಮರ್ಟಾ ಅವರ ‘ಜನರಲ್ ಪ್ರಾಕ್ಟೀಸ್’. ಕುಟುಂಬ ವೈದ್ಯರಿಗಾಗಿಯೇ ಬರೆದ ಇದರಲ್ಲಿ ಬಹುಪಾಲು ಅಧ್ಯಾಯಗಳು ರೋಗದ ಹೆಸರಿನಿಂದಲ್ಲ, ರೋಗಿ ಹೇಳುವ ತೊಂದರೆಯಿಂದ ಶುರುವಾಗುತ್ತವೆ: ಸುಸ್ತು, ತಲೆಸುತ್ತು, ಬೆನ್ನುನೋವು. ವೈದ್ಯ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಐದು ಪ್ರಶ್ನೆಗಳನ್ನು ಮರ್ಟಾ ಕೊಡುತ್ತಾರೆ. ಯಾವ ರೋಗ ಇರುವ ಸಂಭವ ಹೆಚ್ಚು, ಯಾವ ಅಪಾಯವನ್ನು ಬಿಟ್ಟುಬಿಡಬಾರದು ಎಂದು ಶುರುವಾಗುವ ಪಟ್ಟಿಯ ಕೊನೆಯ ಪ್ರಶ್ನೆ, ಈ ರೋಗಿ ನನಗೆ ಬೇರೇನನ್ನೋ ಹೇಳಲು ಹವಣಿಸುತ್ತಿದ್ದಾನೆಯೇ ಎಂಬುದು.

ವಿಮರ್ಶೆ ಓದುವವರಿಗೆ ಈ ಪ್ರಶ್ನೆ ಹೊಸದಲ್ಲ. ಕವಿತೆಯ ಮುಂದೆ ಕೂತು ನಾವು ಕೇಳಿಕೊಳ್ಳುವುದೂ ಇದನ್ನೇ. ಆದರೆ ಈ ಪ್ರಶ್ನೆಯನ್ನು ಕೇಳಲು ರೋಗಿಯ ಭಾಷೆ ಒಳಗಿನಿಂದ ಗೊತ್ತಿರಬೇಕು. ಅದನ್ನು ಕಲಿಸುವ ಪುಸ್ತಕ ಅವಳ ಬ್ಯಾಗಿನಲ್ಲಿರಲಿಲ್ಲ.

ಹಾಗಾದರೆ ಕನ್ನಡದ ಕಪಾಟಿನಲ್ಲಿ ಇದೆಯೇ? ನಮ್ಮ ವೈದ್ಯ ಸಾಹಿತ್ಯವೇನೂ ಬಡವಲ್ಲ. ಅನುಪಮಾ ನಿರಂಜನ ಅವರ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳು ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳಲಾಗದ್ದಕ್ಕೆ ಉತ್ತರ ಕೊಟ್ಟವು. ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಡಿ.ಎಸ್. ಶಿವಪ್ಪ ವೈದ್ಯಕೀಯ ಪದಗಳಿಗೆ ಕನ್ನಡ ರೂಪ ಹುಡುಕಲು ಬಹಳ ದುಡಿದರು. ಇವರೆಲ್ಲರ ಮೇಲೆ ಗೌರವ ಇಟ್ಟುಕೊಂಡೇ ಒಂದು ಮಾತು ಹೇಳಬೇಕು. ಇಲ್ಲೆಲ್ಲ ಮಾತು ಹರಿಯುವುದು ಒಂದೇ ದಿಕ್ಕಿಗೆ. ವೈದ್ಯರು ಹೇಳುತ್ತಾರೆ, ಜನ ಕೇಳುತ್ತಾರೆ. ಇಂಗ್ಲಿಷ್ ಪದ ಕನ್ನಡಕ್ಕೆ ಬರುತ್ತದೆ. ರೋಗಿಯ ಮಾತು ವೈದ್ಯರ ಕಡೆಗೆ ಹೋಗುವ ದಾರಿ ಮಾತ್ರ ಖಾಲಿ.

ಆ ದಾರಿಯಲ್ಲಿ ನಮ್ಮ ಪಾರಿಭಾಷಿಕ ಕನ್ನಡವೂ ನೆರವಿಗೆ ಬರುವುದಿಲ್ಲ. ‘ಅಧಿಕ ರಕ್ತದೊತ್ತಡ ಇದೆಯೇ?’ ಎಂದರೆ ನಮ್ಮೂರಲ್ಲಿ ಸುಮ್ಮನಾಗುತ್ತಾರೆ, ‘ಬಿಪಿ ಐತಾ?’ ಎಂದರೆ ಮಾತ್ರೆಯ ಪಟ್ಟಿಯನ್ನೇ ತಂದು ತೋರಿಸುತ್ತಾರೆ. ಸಿರಾ, ಮಧುಗಿರಿ, ಪಾವಗಡಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಎಂದು ಪುಸ್ತಕ ಓದಿದವರಿಗೆ ಗೊತ್ತು. ಆದರೆ ರೋಗಿ ಹೇಳುವುದು ‘ಸೊಂಟ ಹಿಡ್ಕೊಂಡೈತೆ, ಬಗ್ಗಕ್ಕಾಗಲ್ಲ’ ಎಂದಷ್ಟೇ. ಪಾವಗಡದ ಕಡೆ ಹೋದರೆ ಅದೂ ಅರ್ಧ ತೆಲುಗಿನಲ್ಲಿ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯಾಚೆ ಇರಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಅಲ್ಲಿ ‘ಹೊರಗವ್ಳೆ’ ಎಂಬ ಮಾತು ಅರ್ಥವಾಗದ ವಿದ್ಯಾರ್ಥಿ, ಬಾಣಂತಿ ಮನೆಯಲ್ಲಿಲ್ಲ ಎಂದು ಬರೆದುಕೊಂಡು ವಾಪಸು ಬರುತ್ತಾನೆ. ಪದ ಗೊತ್ತಿರುವುದೆಂದರೆ ರೂಢಿಯನ್ನು ಒಪ್ಪುವುದಲ್ಲ. ಪದವೇ ಗೊತ್ತಿಲ್ಲದವನು ಅದನ್ನು ಪ್ರಶ್ನಿಸುವುದಾದರೂ ಹೇಗೆ?

ಈ ಸೀಮೆಯಲ್ಲಿ ಆ ಭಾಷೆ ಬಲ್ಲವರೊಬ್ಬರಿದ್ದರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಅಕ್ಷರ ಕಲಿಯದ ಅವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳುತ್ತಾರೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಆಸ್ಪತ್ರೆ ಬೇಡ, ಸೂಲಗಿತ್ತಿಯೇ ಸಾಕು ಎಂದು ನಾನು ಹೇಳುತ್ತಿಲ್ಲ. ರಕ್ತಸ್ರಾವವಾದಾಗ ಬೇಕಾಗುವುದು ಆಸ್ಪತ್ರೆಯೇ. ಆದರೆ ನೋವು ತಿನ್ನುವ ಹೆಂಗಸಿನ ಮಾತನ್ನು ಕೇಳಿಸಿಕೊಳ್ಳುವ ಅವರ ವಿದ್ಯೆ ನಮ್ಮ ಪಠ್ಯದೊಳಗೆ ಬರಲಿಲ್ಲ. ನಾವು ಸನ್ಮಾನದ ಶಾಲು ಹೊದಿಸಿದೆವು, ಪಾಠ ಹೇಳಿಸಿಕೊಳ್ಳಲಿಲ್ಲ.

2019ರಿಂದ ಜಾರಿಯಲ್ಲಿರುವ ವೈದ್ಯಕೀಯ ಪಠ್ಯಕ್ರಮದ ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಗೆ ಜಾಗವಿದೆ. ಆಮೇಲೆ ಬಂದ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ಪ್ರತಿ ವಿದ್ಯಾರ್ಥಿಯೂ ಕೆಲವು ಮನೆಗಳ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಬೇಕು. ಸಮಯ ಇದೆ, ಮನೆಗಳೂ ಇವೆ, ಪುಸ್ತಕ ಇಲ್ಲ. ಬರೀ ಪದಪಟ್ಟಿ ಮಾಡಿದರೆ ಸಾಲದು. ‘ಉಷ್ಣ’ದ ಮುಂದೆ ಒಂದೇ ಇಂಗ್ಲಿಷ್ ಪದ ಬರೆದರೆ ಅದು ತಪ್ಪು ಪಟ್ಟಿಯಾಗುತ್ತದೆ. ಯಾರು, ಯಾರ ಎದುರಿಗೆ, ಯಾವ ಸಂಕೋಚದಲ್ಲಿ ಆ ಮಾತು ಆಡಿದರು ಎಂಬುದೂ ಅದರಲ್ಲಿರಬೇಕು. ಇದು ವೈದ್ಯರೊಬ್ಬರೇ ಮಾಡುವ ಕೆಲಸವಲ್ಲ. ಆಶಾ ಕಾರ್ಯಕರ್ತೆಯರು, ಜಾನಪದ ಮತ್ತು ಭಾಷಾವಿಜ್ಞಾನ ಓದಿದ ನಮ್ಮಂಥವರು ಜೊತೆಗೆ ಕೂರಬೇಕು. ಕನ್ನಡ ಎಂ.ಎ. ಓದಿ ಏನು ಪ್ರಯೋಜನ ಎಂದು ಕೇಳುವವರಿಗೆ ಇದೂ ಒಂದು ಉತ್ತರ.

ತಂಗಿ ಮಾರನೆಯ ದಿನ ಮತ್ತೆ ಆ ಮನೆಗೆ ಹೋದಳಂತೆ. ಗಂಡಸರು ಹೊಲಕ್ಕೆ ಹೋಗಿದ್ದರು. ‘ಉಷ್ಣ ಎಲ್ಲಿ ಆಗೈತೆ ಅಮ್ಮ?’ ಎಂದು ಕೇಳಿದಳು. ಆಕೆ ಎದ್ದು ಬಾಗಿಲು ಮುಂದಕ್ಕೆ ಮಾಡಿ, ಹತ್ತಿರ ಬಂದು ಕೂತು, ಆರು ತಿಂಗಳಿಂದ ಬಿಳಿ ಹೋಗುತ್ತಿದೆ ಎಂದರು. ಅದಕ್ಕೆ ಮುಂಚೆ ಮೂರು ಕಡೆ ತೋರಿಸಿದ್ದರು. ಮೂರೂ ಕಡೆ ‘ಉಷ್ಣ’ ಎಂದೇ ಹೇಳಿದ್ದರು. ಮೂರೂ ಕಡೆ ನೀರು ಜಾಸ್ತಿ ಕುಡಿಯಲು ಹೇಳಿ ಕಳಿಸಿದ್ದರು.